ಹದಿನಾರರಾಗ ಆರು

ಮೊದಲನೇ ಆಟ: ಎಂಬತ್ತೆಂಟು, ಅರವತ್ತೊಂಬತ್ತು.
ದೊಡ್ಡ ಅಂಕಿ ನಮ್ಮದಲ್ಲ.

ಸ್ಕೋರಿನ ಮೇಜಿನ ಹಿಂದ ನಾನು, ಬೋರಮ್ಮ ಹತ್ತೂರೆ,
ಹಗಲೆಲ್ಲಾ ಚಾದರ ಕಾರ್ಖಾನ್ಯಾಗ ಹಾಸಿನ ಎಳಿ ಎಣಿಸಾಕಿ,
ಸಂಜಿಗೆ ಇವರ ಬುಟ್ಟಿ ಎಣಿಸಾಕಿ.
ಎರಡಕ್ಕ ಅಡ್ಡಗೀಟು.
ಮೂರಕ್ಕ ಅಂಗಿ ನಂಬರಿನ ಸುತ್ತ ಒಂದು ಬಳಿ.
ಫ್ರೀ ಥ್ರೋ ಬಿದ್ರ ಕಾಡಿಗಿ ಬೊಟ್ಟು.
ಮೈಕಿನಾಗ ಹೇಳೋದು ಮರಾಠಿ, ರೆಫರಿ ಜೋಡಿ ಹಿಂದಿ,
ಗಡಿಯಾರ ಒತ್ತೋ ರಾಜವ್ವ ಬೈಯೋದು ತೆಲುಗಿನಾಗ.
ಎಣಿಸೋದು ಮಾತ್ರ ತುಟಿ ಅಲುಗಿಸದ, ಕನ್ನಡದಾಗ.
ಅವ್ವ ಕಲಿಸಿದ ಒಂದು ಎರಡು
ಬ್ಯಾರೆ ಬಾಯಿಗೆ ಹೋಗಂಗಿಲ್ಲ ಅಂತದ.

ಎರಡನೇದು ಹನ್ನೊಂದರಿಂದ ಹೋತು.
ಮೂರನೇದು ಆರರಿಂದ.
ತಂಡಕ್ಕ ಶಟಲ್ಸ್ ಅಂತ ಹೆಸರು. ಕ್ಯಾಂಟೀನಿನ ಮೌಲಾಸಾಬ ನಗತಾನ:
ಲಾಳಿ ಖರೇ ಅವ. ಆ ಕಡಿ ಓಡತಾವ, ಈ ಕಡಿ ಓಡತಾವ,
ಬಟ್ಟಿ ಮಾತ್ರ ಒಂದು ಗೇಣೂ ಇಲ್ಲ.

ಜಲಂಧರದಿಂದ ಬಂದ ಗುರ್ತೇಜ ಆರಡಿ ಹನ್ನೊಂದು ಇಂಚು.
ಮಾಲಕರು ಚಾದರ ಹೊದಿಸಿ ಫೋಟೋ ತಗಸಿದ್ರು,
ನಮ್ಮ ಕಾರ್ಖಾನಿದ, ನವಿಲಿನ ಡಿಸೈನು.
ಮೊಣಕಾಲಿಗೇ ನವಿಲು ಮುಗೀತು.
ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ಆ ಹುಡುಗ ಎಲ್ಲಿ ಮಡಚ್ಕೋಬೇಕು?
ನಾ ಕುಂತಲ್ಲೇ ಲೆಕ್ಕ ಹಾಕಿದೆ: ಇನ್ನೂ ಏಳುನೂರು ಹೊಕ್ಕು.

ಊರಿನ ಹೆಸರಿನಾಗ ಮರಾಠಿಯವ್ರಿಗೆ ಹದಿನಾರು ಕೇಳಸತದ.
ಸೀಸನ್ನಿಗೂ ಹದಿನಾರು ಆಟ, ಶುಭ ಅಂದ್ರು, ಕಾಯಿ ಒಡದ್ರು.
ನನ್ನ ಕಿವಿಗೆ ಕೇಳಸೋದು ಬ್ಯಾರೆ. ಹೇಳಂಗಿಲ್ಲ.
ಮೂರು ಹೋದ ಮ್ಯಾಲ ಅಂತೂ ಹೇಳಂಗೇ ಇಲ್ಲ.
ಅವ್ವ ಲ-ಕ್ಕ ಲ ಒತ್ತಿ ಅಂತಿದ್ದಳು, ಸೊಲ್ಲಾಪುರ,
ಸೊಲ್ಲು ಇರೋ ಊರು.
ಹಾಳಿ ಮ್ಯಾಲ ನಾನೂ ಹಂಗ ಒತ್ತಿ ಬರೀತೀನಿ.

ನಾಕನೇ ಆಟ.
ಎಪ್ಪತ್ತೆರಡು, ಎಪ್ಪತ್ತೈದು. ಉಳದದ್ದು ಎರಡು ಸೆಕೆಂಡು.
ಶ್ರೀಹರಿ ಯೆಮುಲ್ ಮೂಲಿಯಿಂದ ಎತ್ತಿ ಹಾಕಿದ.
ಬಿತ್ತು.
ಜನ ಕುರ್ಚಿ ಮ್ಯಾಲ: ತೀನ್! ಮೂಡು! ಮೂರು!
ರೆಫರಿ ಎರಡು ಬೆರಳು ತೋರಿಸಿದ.
ಎಲ್ಲಾರ ಕಣ್ಣು ನನ್ನ ಪೆನ್ನಿನ ಮ್ಯಾಲ,
ಆ ಮೂರನೇ ಬೆರಳು ನಾನೇ ಮುರದಂಗ.
ನಾನೂ ನೋಡಿದ್ದೆ. ಬೂಟಿನ ತುದಿ ಗೆರಿ ಮ್ಯಾಲ, ಒಂದು ನೂಲಿನಷ್ಟು.
ಗೆರಿ ಮ್ಯಾಲ ನಿಂತವ ಒಳಗಿನವ, ಈ ಆಟದಾಗ.
ಅಂಗಳದ ಹೊರಗ ಆ ನಿಯಮ ಯಾರೂ ಬರದಿಲ್ಲ.
ಅಡ್ಡಗೀಟು ಎಳದೆ. ಬಳಿ ಸುತ್ತಲಿಲ್ಲ.

ದೀಪ ಆರಿಸೋ ಹೊತ್ತಿಗೆ ಬಂದ, ಬೂಟು ಕೈಯಾಗ ಹಿಡಕೊಂಡು.
ಖರೇನ ತುಳದಿದ್ನೇನಕ್ಕಾ?
ಒಂದು ನೂಲು ಅಂದೆ.
ಅಪ್ಪ ಅಜ್ಜ ಎಲ್ಲಾ ಮಗ್ಗದವರು, ಸುಮ್ಮನ ಬಿಡ್ತಾನೇನು?
ಎಷ್ಟನೇ ನಂಬರಿನ ನೂಲು, ಹತ್ತೋ ಇಪ್ಪತ್ತೋ?
ಇಪ್ಪತ್ತು.
ನಕ್ಕ. ಆಮ್ಯಾಲ ನಗಲಿಲ್ಲ.

ಹತ್ತೊಂಬತ್ತು, ಹನ್ನೊಂದು, ಆರು, ಒಂದು,
ಕೋಚ್ ಘಾಟಗೆ ಪೇಪರಿನವ್ರ ಮುಂದ ಹೀಗ ಓದಿದ್ರು,
ಸಾಲ ತೀರಿಸಿದ ಪುಸ್ತಕ ಓದಿದಂಗ.

ಐದನೇ ಆಟ ಗೆದ್ವಿ. ಹದಿನಾಕರಿಂದ!
ಶ್ರೀಹರಿ ಪ್ರತಿ ಸಲ ಕೆಳಗ ನೋಡಿ, ಒಂದು ಹೆಜ್ಜಿ ಹಿಂದ ಸರದು ಹೊಡದ.
ಏಳು ಬಳಿ ಸುತ್ತಿದೆ ಅವನ ಏಳಕ್ಕ,
ಹಾಳಿ ಬಳೆಗಾರನ ಅಂಗಡಿ ಆಗಿತ್ತು.
ಮೌಲಾಸಾಬ ಚಾದ ರೊಕ್ಕ ತಗೊಳ್ಳಲಿಲ್ಲ,
ಶೇಂಗಾ ಹಿಂಡಿ ಕಟ್ಟಿಕೊಟ್ಟ.

ಆರನೇದು ಇಪ್ಪತ್ತಮೂರರಿಂದ ಸೋತ್ವಿ.
ಗುರ್ತೇಜನ ಮೊಣಕಾಲು ಬಾತದ. ಏನಾತು ಅಂತ ಯಾರೂ ಕೇಳಲಿಲ್ಲ.
ಒತ್ತಿ ಎಳದ ಗೀಟು ಕಾರ್ಬನ್ ದಾಟಿ
ಏಳನೇ ಆಟದ ಖಾಲಿ ಹಾಳಿ ಮ್ಯಾಲೂ ಮೂಡಿದ್ವು,
ಶಾಯಿ ಇಲ್ಲ. ಬೆರಳಾಡಿಸಿದ್ರ ಹತ್ತತಾವ.

ಬುಧವಾರ ಲಗೂ ಹೋಗಬೇಕು.
ಮೇಸ್ತ್ರಿಗೆ ಹೇಳೇನಿ, ಕೊನೀ ಪಾಳಿ ನೀಲಗಂಗವ್ವ ನೋಡ್ತಾಳ.
ರೀಫಿಲ್ ತಗೋಬೇಕು. ಎರಡು.